ಉಕ್ತಲೇಖನ: ಮನೆಯಲ್ಲೇ ಓದುವ ಮಕ್ಕಳಿಗೆ ಕಾಗುಣಿತ ಕೂರಿಸುವುದು ಹೇಗೆ?

ಹೊಸಹಾಳೆ
ಎಂಟು ವರ್ಷದ ಮಗು, ಪಾಠವೆಲ್ಲ ಮನೆಯಲ್ಲೇ. ಕನ್ನಡ ಓದು ಸರಾಗ. ಬರೆಯಲು ಕೂತರೆ ಮಾತ್ರ ಒತ್ತು ಹಾರುತ್ತದೆ, ದೀರ್ಘ ಕಾಣೆಯಾಗುತ್ತದೆ. ಈಗಿನ ಕ್ರಮ ಇದು: ವಾರಕ್ಕೆ ಮೂರು ದಿನ ಉಕ್ತಲೇಖನ, ದಿನಕ್ಕೆ 20 ಪದ, ತಪ್ಪಿದ್ದನ್ನು ಹತ್ತು ಹತ್ತು ಸಲ ಬರೆಸುವುದು. ಪದಪಟ್ಟಿ ಕೊಟ್ಟರೆ ಬಹುಪಾಲು ಸರಿ. ವಾಕ್ಯ ಕೊಟ್ಟರೆ ಹಳೆಯ ತಪ್ಪುಗಳೆಲ್ಲ ವಾಪಸ್.

ಓದಿ ಹೇಳಿದ್ದು:
"ಮಧ್ಯಾಹ್ನ ಮನೆಯ ಹಿಂದಿನ ಹಳ್ಳದಲ್ಲಿ ನೀರು ತುಂಬಿ ಹರಿಯುತ್ತಿತ್ತು. ಅಣ್ಣ ಕಲ್ಲಿನ ಮೇಲೆ ಕುಳಿತು ಮೀನುಗಳನ್ನು ನೋಡುತ್ತಿದ್ದನು. ಸೂರ್ಯನ ಬೆಳಕು ನೀರಿನಲ್ಲಿ ಹೊಳೆಯುತ್ತಿತ್ತು."

ಮಗು ಬರೆದದ್ದು:
"ಮದ್ಯಾನ ಮನೆಯ ಹಿಂದಿನ ಹಳದಲ್ಲಿ ನೀರು ತುಂಬಿ ಹರಿತಿತ್ತು. ಅಣ್ಣ ಕಲಿನ ಮೇಲೆ ಕುಳಿತು ಮಿನುಗಳನು ನೋಡ್ತಿದ್ದನು. ಸೂಯ್ರನ ಬೆಳಕು ನೀರಿನಲ್ಲಿ ಹೊಳೆತಿತ್ತು."

ಎಲ್ಲಿಂದ ಶುರು ಮಾಡುವುದು?

ಸೀಸಕಡ್ಡಿ
ಮೊದಲು ಎಣಿಸಿ. 17 ಪದಗಳಲ್ಲಿ 8 ಪದ ತಪ್ಪು, ಒಟ್ಟು ತಪ್ಪು 10. ಎಲ್ಲಕ್ಕೂ ಒಂದೇ ಕೆಂಪು ಗೆರೆ ಎಳೆದರೆ "ಮಗುವಿಗೆ ಕಾಗುಣಿತ ಬರುವುದಿಲ್ಲ" ಅನ್ನಿಸುತ್ತದೆ. ವಿಂಗಡಿಸಿದರೆ ಬೇರೆಯೇ ಚಿತ್ರ:

ಒತ್ತು ಬಿಟ್ಟದ್ದು 3 – ಹಳ್ಳ, ಕಲ್ಲು, ಅನ್ನು.
ಆಡುಮಾತು ನುಗ್ಗಿದ್ದು 3 – ಹರಿತಿತ್ತು, ನೋಡ್ತಿದ್ದನು, ಹೊಳೆತಿತ್ತು.
ದೀರ್ಘ ತಪ್ಪಿದ್ದು 1 – ಮೀನು.
ಬರೆಯುವ ಅನುಕ್ರಮ ಅದಲುಬದಲಾದದ್ದು 1 – ಸೂರ್ಯ.
ಕಿವಿಗೆ ಸಿಗದೆ ತಪ್ಪಿದ್ದು 2 – ಎರಡೂ ಮಧ್ಯಾಹ್ನ ಎಂಬ ಒಂದೇ ಪದದಲ್ಲಿ: ಧ, ಹ್ನ.

ಐದೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಒತ್ತು, ದೀರ್ಘ ಎರಡೂ ಕಿವಿಯ ತಪ್ಪು. ಸರಿಯಾಗಿ ಕೇಳಿಸಿಕೊಂಡು ಬಾಯಲ್ಲಿ ಹೇಳಿದರೆ ಕೈ ತಾನಾಗಿ ಬರೆಯುತ್ತದೆ. ಧ, ಹ್ನ ಕಣ್ಣಿನ ತಪ್ಪು. ನಿತ್ಯದ ಮಾತಿನಲ್ಲಿ ಯಾರೂ ಅವನ್ನು ಬಿಡಿಸಿ ಉಚ್ಚರಿಸುವುದಿಲ್ಲ, ನೋಡಿಯೇ ನೆನಪಿಟ್ಟುಕೊಳ್ಳಬೇಕು. ಅರ್ಕಾವತ್ತು (ಸೂರ್ಯ ಪದದಲ್ಲಿ ಪಕ್ಕಕ್ಕೆ ಬರುವ ರ್ ಗುರುತು) ಕೈಯ ತಪ್ಪು. ಹರಿತಿತ್ತು ಎಂಬುದು ಕಾಗುಣಿತದ ತಪ್ಪೇ ಅಲ್ಲ. ಮಗು ತಾನು ಮಾತಾಡುವ ಕನ್ನಡವನ್ನು ನಿಷ್ಠೆಯಿಂದ ಬರೆದಿದೆ, ಅಷ್ಟೆ.

(ಮದ್ಯ ಎಂದರೆ ಹೆಂಡ, ಮಧ್ಯ ಎಂದರೆ ನಡು. ಈ ಒಂದು ಜೋಡಿ ಹೇಳಿಕೊಟ್ಟರೆ ಮಕ್ಕಳು ಧ ಮರೆಯುವುದಿಲ್ಲ. ನಗುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ.)

ನಿಮ್ಮ 20 ಪದಗಳ ಪಟ್ಟಿ ಕೆಲಸ ಮಾಡದಿರಲು ಕಾರಣವೂ ಇಲ್ಲೇ ಇದೆ. ಬಿಡಿ ಪದ ಹೇಳುವಾಗ ನಾವು ಅರಿಯದೆ "ಹಳ್…ಳ" ಎಂದು ಒತ್ತಿ ಹೇಳುತ್ತೇವೆ. ಮಗುವಿನ ಗಮನವೂ ಒಂದೇ ಪದದ ಮೇಲಿರುತ್ತದೆ. ವಾಕ್ಯದಲ್ಲಿ ಅರ್ಥ, ವಿಭಕ್ತಿ, ಕೈಬರಹ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತವೆ, ಒತ್ತು ಕೆಳಗೆ ಜಾರುತ್ತದೆ. ಪದಪಟ್ಟಿಯ ಅಂಕ ನೋಡಿ ಖುಷಿಪಡಬೇಡಿ. ಏಳು ವರ್ಷ ದಾಟಿದ ಮೇಲೆ ವಾಕ್ಯವೇ ಅಳತೆಗೋಲು.

ವಟ್ರಸುಳಿ
ಸೀಸಕಡ್ಡಿಯವರ ವಿಂಗಡಣೆಗೆ ಪೂರ್ತಿ ಒಪ್ಪಿಗೆ. ಹೇಳಿ ಬರೆಸುವ ಕ್ರಮ ನಾನು ಬರೆಯುತ್ತೇನೆ, ಬಹಳಷ್ಟು ಮನೆಗಳಲ್ಲಿ ಕೆಡುವುದು ಅಲ್ಲೇ.

1. ಇಡೀ ಭಾಗವನ್ನು ಒಮ್ಮೆ ಸಹಜ ವೇಗದಲ್ಲಿ ಓದಿ. ಪೆನ್ಸಿಲ್ ಕೆಳಗಿರಲಿ. ಅರ್ಥವಾಗದ ಪದವಿದ್ದರೆ ಈಗಲೇ ಕೇಳಲಿ.
2. ಮೊದಲ ವಾಕ್ಯವನ್ನು 3–4 ಪದಗಳ ತುಂಡಾಗಿಸಿ. ತುಂಡು ಅರ್ಥ ಇರುವಲ್ಲಿ ಮುರಿಯಬೇಕು: "ಮಧ್ಯಾಹ್ನ ಮನೆಯ ಹಿಂದಿನ ಹಳ್ಳದಲ್ಲಿ" / "ನೀರು ತುಂಬಿ ಹರಿಯುತ್ತಿತ್ತು". "ಮಧ್ಯಾಹ್ನ ಮನೆಯ" ಎಂದು ನಿಲ್ಲಿಸಿದರೆ ಮಗುವಿಗೆ ಹಿಡಿದಿಟ್ಟುಕೊಳ್ಳಲು ಏನೂ ಸಿಗುವುದಿಲ್ಲ.
3. ತುಂಡನ್ನು ಒಂದೇ ಸಲ ಹೇಳಿ. ಮಗು ಅದನ್ನು ಗಟ್ಟಿಯಾಗಿ ತಿರುಗಿ ಹೇಳಲಿ. ಆಮೇಲೆ ಬರೆಯಲಿ.
4. ಬರೆಯುವಾಗ ನೀವು ಸುಮ್ಮನಿರಿ. ಹೆಚ್ಚೆಂದರೆ ಇನ್ನೊಂದು ಸಲ ಹೇಳಬಹುದು, ಮೂರನೆಯದು ಬೇಡ.
5. ಎಲ್ಲ ಮುಗಿದ ಮೇಲೆ ಇಡೀ ಭಾಗವನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಮಗು ಬೆರಳಿಟ್ಟು ನೋಡಿಕೊಂಡು ತಾನೇ ತಿದ್ದಿಕೊಳ್ಳಲಿ. ಈ ತಿದ್ದುಪಡಿಗೆ ಬೇರೆ ಬಣ್ಣದ ಪೆನ್ಸಿಲ್ ಕೊಡಿ. ತಾನಾಗಿ ಹಿಡಿದ ತಪ್ಪು ಯಾವುದು, ನೀವು ತೋರಿಸಿದ್ದು ಯಾವುದು ಎಂದು ಆಮೇಲೆ ನಿಮಗೆ ತಿಳಿಯಬೇಕು.

ಮೂರನೆಯ ಹಂತವೇ ಜೀವಾಳ. ಮಗು "ಹಳದಲ್ಲಿ" ಎಂದು ತಿರುಗಿ ಹೇಳಿತೆಂದರೆ ತಪ್ಪು ಕಾಗದಕ್ಕೆ ಬರುವ ಮೊದಲೇ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅಲ್ಲೇ ಇನ್ನೊಮ್ಮೆ ತುಂಡು ಹೇಳಿ, ಬರೆಯಲು ಬಿಡಿ. "ಹಳ್ಳದಲ್ಲಿ" ಎಂದು ಸರಿಯಾಗಿ ಹೇಳಿಯೂ ಒತ್ತಿಲ್ಲದೆ ಬರೆದರೆ ಕಿವಿ ಸರಿಯಿದೆ, ಕೊರತೆ ಬರವಣಿಗೆಯಲ್ಲಿದೆ. ಎರಡಕ್ಕೂ ಮುಂದಿನ ಅಭ್ಯಾಸ ಬೇರೆ.

ಪ್ರಮಾಣ: ಆರು–ಏಳು ವರ್ಷಕ್ಕೆ 5–8 ಪದ ಮತ್ತು ಒಂದು ಪುಟ್ಟ ವಾಕ್ಯ. ಎಂಟು–ಒಂಬತ್ತಕ್ಕೆ 15–25 ಪದ. ಹತ್ತರಿಂದ ಹನ್ನೆರಡಕ್ಕೆ 50–70. ಸಮಯ 10–15 ನಿಮಿಷ, ವಾರಕ್ಕೆ ಮೂರು ನಾಲ್ಕು ದಿನ. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಪದ ತಪ್ಪಿದರೆ ಆ ಭಾಗ ಮಗುವಿಗೆ ಭಾರ, ಇಳಿಸಿ. 17ಕ್ಕೆ 8 ಎಂದರೆ ಅದು ಕಲಿಕೆಯಾಗಿ ಉಳಿದಿಲ್ಲ, ಪರೀಕ್ಷೆಯಾಗಿಬಿಟ್ಟಿದೆ.

ಮೂಲೆಪೆಟ್ಟಿಗೆ
ಒಂದು ಪ್ರಶ್ನೆ. ಮಹಾಪ್ರಾಣ ಬಂದಾಗ ಒತ್ತಿ ಹೇಳಬೇಕೋ ಬೇಡವೋ? "ಭ್ಹಾಷೆ" ಎಂದರೆ ಸರಿ ಬರೆಯುತ್ತಾರೆ, ಸಹಜವಾಗಿ ಹೇಳಿದರೆ "ಬಾಷೆ".

ವಟ್ರಸುಳಿ
ಬೇಡ. ಹಾಗೆ ಹೇಳಿದರೆ ಉತ್ತರವನ್ನೇ ಕೊಟ್ಟಂತೆ. ಸ್ವಂತವಾಗಿ ಬರೆಯುವಾಗ ಪಕ್ಕದಲ್ಲಿ ಕೂತು ಉಸಿರು ಒತ್ತುವವರು ಯಾರೂ ಇರುವುದಿಲ್ಲ. ಅಕ್ಷರಕ್ಷರ ಬಿಡಿಸಿ ಓದುವುದೂ ಇದೇ ಜಾತಿಯದ್ದು. ಕಷ್ಟದ ಪದಕ್ಕೆ ಮೊದಲು ಒಂದು ಕ್ಷಣ ತಡೆಯುವುದು, ಹುಬ್ಬು ಏರಿಸುವುದು ಕೂಡ. ಮಕ್ಕಳು ಪಠ್ಯ ಬಿಟ್ಟು ನಮ್ಮ ಮುಖ ಓದುತ್ತಾರೆ.

ಗುರುಲಘು
ವಟ್ರಸುಳಿ ಅವರೇ, ಇಲ್ಲಿ ನನ್ನದು ಅರ್ಧ ಭಿನ್ನಾಭಿಪ್ರಾಯ. ಉಕ್ತಲೇಖನದ ಹೊತ್ತಿನಲ್ಲಿ ಬೇಡ, ನಿಜ. ಆದರೆ ವ್ಯತ್ಯಾಸವನ್ನು ಒಮ್ಮೆಯೂ ಕೇಳಿರದ ಮಗುವಿಗೆ ಮಹಾಪ್ರಾಣ ಎಂಬುದು ಬರೀ ವಿಚಿತ್ರ ಅಕ್ಷರ. ಬೇರೆ ಹೊತ್ತಿನಲ್ಲಿ ಎರಡು ನಿಮಿಷ ಹೀಗೆ ಮಾಡಿ. ತೆಳ್ಳಗಿನ ಕಾಗದದ ಪಟ್ಟಿಯೊಂದನ್ನು ಬಾಯಿಂದ ನಾಲ್ಕು ಬೆರಳು ದೂರ ತೂಗುಬಿಡಿ. ಕ, ಖ ಹೇಳಿಸಿ. ಟ, ಠ ಹೇಳಿಸಿ. ಎರಡನೆಯದಕ್ಕೆ ಕಾಗದ ಹಾರಬೇಕು. ಘ, ಧ, ಭ ಗಳಲ್ಲಿ ಅಲುಗಾಟ ಕಡಿಮೆ, ಅವನ್ನು ಕೊನೆಗಿಡಿ.

ಓದುವವರ ನಾಲಿಗೆಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ನೀವು ಓದಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಪಠ್ಯ ಮುಂದಿಟ್ಟುಕೊಂಡು ಕೇಳಿ. ಹಾಡು–ಆಡು, ಹಕ್ಕಿ–ಅಕ್ಕಿ, ಹುಳಿ–ಉಳಿ ಒಂದೇ ಥರ ಕೇಳಿಸುತ್ತಿದ್ದರೆ ಮಗು "ಆಲು ಅಳ್ಳದಲ್ಲಿ" ಎಂದು ಬರೆದದ್ದು ತಪ್ಪಲ್ಲ, ಕೇಳಿದ್ದನ್ನೇ ಬರೆದಿದೆ. ಲ–ಳ, ನ–ಣ ಜೋಡಿಗಳನ್ನೂ ಸೇರಿಸಿಕೊಳ್ಳಿ: ಹಾಲು–ಹಾಳು, ಕಾಲು–ಕಾಳು, ಗಾಲಿ–ಗಾಳಿ, ಬೆಲೆ–ಬೆಳೆ, ಮೂಲೆ–ಮೂಳೆ, ಅನ್ನ–ಅಣ್ಣ, ಬನ್ನ–ಬಣ್ಣ. ಉಕ್ತಲೇಖನಕ್ಕೆ ಮೊದಲು ಇವುಗಳಲ್ಲಿ ಒಂದನ್ನು ಹೇಳಿ, ಮಗು ಚಿತ್ರವನ್ನೋ ವಸ್ತುವನ್ನೋ ತೋರಿಸಲಿ. ಹತ್ತಕ್ಕೆ ಒಂಬತ್ತು ಸರಿಯಾಗುವವರೆಗೆ ಆ ಜೋಡಿಯನ್ನು ಬರೆಸಲು ಹೋಗಬೇಡಿ.

ಗುರುಲಘು
ಒತ್ತು ಹಾರುವುದರ ಬಗ್ಗೆ ಇನ್ನೊಂದು ಮಾತು. ಛಂದಸ್ಸಿನ ಪ್ರಸ್ತಾರ (ಪದ್ಯದ ಅಕ್ಷರಗಳಿಗೆ ಗುರು, ಲಘು ಎಂದು ಗುರುತು ಹಾಕುವುದು) ಕಲಿತವರಿಗೆ ಇದು ಹೊಳೆಯುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು, ದೀರ್ಘವೂ ಗುರು. ಎರಡಕ್ಕೂ ಎರಡು ಮಾತ್ರೆ. ಕಲ್ಲು, ಕಾಲು ಎರಡರಲ್ಲೂ ಮೊದಲ ತಟ್ಟು ಉದ್ದ. ಅದಕ್ಕೇ ಕೆಲವು ಮಕ್ಕಳು ಕಲ್ಲಿಗೆ ಕಾಲು ಎಂದು ಬರೆಯುತ್ತಾರೆ: ಉದ್ದವಿದೆ ಎಂದು ಗೊತ್ತಾಗಿದೆ, ಯಾವ ಬಗೆಯ ಉದ್ದ ಎಂದು ಗೊತ್ತಾಗಿಲ್ಲ.

ಮೇಜಿನ ಮೇಲೆ ಬೆರಳಿಂದ ತಟ್ಟಿಸಿ. ಕಾಲು: ತಟ್ಟಿ, ಬೆರಳನ್ನು ಎಳೆದುಕೊಂಡು ಹೋಗಿ, ಮತ್ತೆ ತಟ್ಟು. ಕಲ್ಲು: ತಟ್ಟಿ, ಬೆರಳು ಅಲ್ಲೇ ಒತ್ತಿ ಹಿಡಿದು, ಮತ್ತೆ ತಟ್ಟು. ದೀರ್ಘ ಹರಿಯುತ್ತದೆ, ಒತ್ತು ತಡೆಯುತ್ತದೆ. ಕತೆ–ಕತ್ತೆ, ಹಳಿ–ಹಳ್ಳಿ, ನಲಿ–ನಲ್ಲಿ, ಎಲೆ–ಎಲ್ಲೆ, ಇದೆ–ಇದ್ದೆ ಜೋಡಿಗಳು ಇದಕ್ಕೆ ಸಾಕು. ದೀರ್ಘಕ್ಕೆ ಬಿಡು–ಬೀಡು, ಕೊಡು–ಕೋಡು, ಕೊಳ–ಕೋಳ, ತೊಡು–ತೋಡು. ಎ–ಏ, ಒ–ಓ ಇರುವ ಜೋಡಿಗಳನ್ನು ಹೆಚ್ಚು ಕೊಡಿ, ಏತ್ವ ಓತ್ವಗಳ ದೀರ್ಘ ಬಿಡುವುದೇ ಜಾಸ್ತಿ.

ಹೊಸಹಾಳೆ
ಆಡುಮಾತು ನುಗ್ಗುವುದಕ್ಕೆ?

ಸೀಸಕಡ್ಡಿ
ಅದನ್ನು ಬಾಯಲ್ಲೇ ಮಾಡಿಸಿ. ನೀವು "ನೋಡ್ತಿದ್ದ" ಅನ್ನಿ, ಮಗು "ನೋಡುತ್ತಿದ್ದನು" ಅನ್ನಲಿ. ಹೋಗ್ಬೇಕು – ಹೋಗಬೇಕು, ಬರ್ತಿದೆ – ಬರುತ್ತಿದೆ, ಮಾಡ್ತಾಳೆ – ಮಾಡುತ್ತಾಳೆ. ದಿನಕ್ಕೆ ಐದಾರು ಸಾಕು. ಇಲ್ಲಿ ಕಳೆದುಹೋಗುವುದು ಮುಖ್ಯವಾಗಿ ಎರಡು: ಧಾತುವಿನ (ಕ್ರಿಯಾಪದದ ಮೂಲರೂಪದ) ಕೊನೆಯ ಸ್ವರ, ಮತ್ತು ತ್ತ ದ ಒತ್ತು. ಹರಿ, ಹೊಳೆ ಥರದ ಧಾತುಗಳಾದರೆ ನಡುವಿನ ಯು ಕೂಡ. ಹರಿ + ಉತ್ತ ಸೇರುವಾಗ ಯಕಾರ ಬರುತ್ತದೆ ಎಂದು ಒಮ್ಮೆ ಬಿಡಿಸಿ ತೋರಿಸಿದರೆ ಹರಿಯುತ್ತಿತ್ತು, ಹೊಳೆಯುತ್ತಿತ್ತು ಎರಡೂ ಒಟ್ಟಿಗೆ ಸರಿಹೋಗುತ್ತವೆ. ಮಗು ಬರೆದ "ನೋಡ್ತಿದ್ದನು" ನೋಡಿ, ಹಿಂದೆ ಆಡುಮಾತು, ಮುಂದೆ ಗ್ರಂಥಭಾಷೆ. ಅರ್ಧ ದಾರಿ ಬಂದಾಗಿದೆ.

ತಿದ್ದುವಾಗ ಇದನ್ನು ಕಾಗುಣಿತದ ಲೆಕ್ಕಕ್ಕೆ ಸೇರಿಸಬೇಡಿ. ಆ ಮೂರನ್ನು ತೆಗೆದರೆ ಉಳಿಯುವುದು ಏಳೇ ತಪ್ಪು.

ಅಕ್ಷರಗಣಿ
ಕಣ್ಣಿನ ತಪ್ಪಿಗೆ ಹೋಮ್‌ಸ್ಕೂಲ್ ವಲಯದಲ್ಲಿ ಬಹಳ ಬಳಕೆಯಲ್ಲಿರುವುದು ಬ್ರಿಟನ್ನಿನ ಶಿಕ್ಷಣ ಚಿಂತಕಿ ಶಾರ್ಲೆಟ್ ಮೇಸನ್ (1842–1923) ಅವರ ಕ್ರಮ. ಪಠ್ಯವನ್ನು ಮೊದಲೇ ಮಗುವಿನ ಕೈಗೆ ಕೊಡಬೇಕು. ಯಾವ ಪದ ಅನುಮಾನ ಎಂದು ಮಗುವೇ ಗುರುತಿಸಬೇಕು. ಆ ಪದವನ್ನು ನೋಡಿ, ಕಣ್ಣು ಮುಚ್ಚಿ ಮನಸ್ಸಿನಲ್ಲಿ ಕಾಣಬೇಕು. ಆಮೇಲಷ್ಟೇ ತುಂಡುತುಂಡಾಗಿ ಹೇಳಿ ಬರೆಸುವುದು. ಬರೆಯುವಾಗ ತಪ್ಪು ರೂಪ ಬಂದರೆ ತಕ್ಷಣ ಮುಚ್ಚಿಬಿಡಬೇಕು, ತಪ್ಪಿನ ಚಿತ್ರ ಮನಸ್ಸಿನಲ್ಲಿ ಅಚ್ಚಾಗಬಾರದು ಎಂಬ ಲೆಕ್ಕ. ನಮ್ಮ ಶಾಲೆಗಳ ಉಕ್ತಲೇಖನ ಇದಕ್ಕೆ ತದ್ವಿರುದ್ಧ: ಮೊದಲು ಪರೀಕ್ಷೆ, ಆಮೇಲೆ ಪಾಠ.

ಸೀಸಕಡ್ಡಿ
ಕ್ರಮ ಒಳ್ಳೆಯದು. ಆದರೆ ಹಾಗೇ ಎತ್ತಿ ಕನ್ನಡಕ್ಕೆ ಹಾಕಿದರೆ ಅರ್ಧ ಶ್ರಮ ದಂಡ. ಅದು ಇಂಗ್ಲಿಷಿಗಾಗಿ ಹುಟ್ಟಿದ್ದು. ಅಲ್ಲಿ ಕಿವಿಯನ್ನು ನಂಬಿ ಬರೆಯಲು ಆಗುವುದಿಲ್ಲ, ಬಹುತೇಕ ಪದಗಳ ಚಿತ್ರವೇ ನೆನಪಿರಬೇಕು. ಕನ್ನಡದಲ್ಲಿ ಹಳ್ಳ, ಮೀನು, ಕಲ್ಲು ಪದಗಳ ಚಿತ್ರವನ್ನು ಕಣ್ಣು ಮುಚ್ಚಿ ಕಾಣಬೇಕಾದ ಅಗತ್ಯವೇ ಇಲ್ಲ, ಕೇಳಿದರೆ ಸಾಕು. ಮಹಾಪ್ರಾಣ, ಶ–ಷ, ಋ–ರು, ಜ್ಞ, ಹ್ನ–ಹ್ಮ ಇರುವ ಪದಗಳಿಗೆ ಮಾತ್ರ ಮೊದಲೇ ನೋಡುವ ಕ್ರಮ ಹಿಡಿಯಿರಿ. ಉಳಿದದ್ದು ನೋಡದೆಯೇ ಬರೆಯಲಿ. ಅಂದರೆ ಪಠ್ಯದಲ್ಲಿ ಮೂರು ನಾಲ್ಕು ಪದ ಮುಂಚಿತವಾಗಿ ಹಲಗೆಯ ಮೇಲೆ, ಮಿಕ್ಕಿದ್ದು ಕಿವಿಗೆ.

ಅಕ್ಷರಗಣಿ
ಒಪ್ಪಿದೆ. ಆ ಕಣ್ಣಿನ ಪದಗಳನ್ನೂ ಒಂದೊಂದಾಗಿ ಬಾಯಿಪಾಠ ಮಾಡಿಸಬೇಕಿಲ್ಲ. ಬಹುಪಾಲು ಸಂಸ್ಕೃತದಿಂದ ಬಂದವು, ಕುಟುಂಬವಾಗಿ ಹಿಡಿದರೆ ಕೆಲಸ ಕಡಿಮೆ.

ಬಂಧ: ಬಂಧು, ಬಂಧನ, ನಿರ್ಬಂಧ, ಪ್ರಬಂಧ, ಸಂಬಂಧ. ಸಂ + ಬಂಧ ಎಂದು ಒಡೆದು ತೋರಿಸಿದವರಿಗೆ "ಸಂಭಂದ" ಬರೆಯಲು ಕೈ ಬರುವುದಿಲ್ಲ.
ವಿದ್: ವಿದ್ಯೆ, ವಿದ್ಯಾರ್ಥಿ, ವಿದ್ಯಾಲಯ, ವಿದ್ವಾಂಸ. ಎಲ್ಲದರಲ್ಲೂ ಬರೀ ದ. "ವಿಧ್ಯಾರ್ಥಿ" ದೊಡ್ಡವರ ಬರಹದಲ್ಲೂ, ನಾಮಫಲಕಗಳಲ್ಲೂ ಇದೆ. ಮಕ್ಕಳಿಗೆ ತೋರಿಸಿ ತಪ್ಪು ಹಿಡಿಯಲು ಹೇಳಿ, ಆಟವಾಗುತ್ತದೆ.
ಹೃದಯ – ಹಾರ್ದಿಕ. ಇಲ್ಲೂ ದ, "ಹಾರ್ಧಿಕ" ಅಲ್ಲ.
ಅಧ್ಯಾಯ, ಅಧ್ಯಯನ, ಉಪಾಧ್ಯಾಯ – ಎಲ್ಲದರಲ್ಲೂ ಧ್ಯ.

ಇನ್ನು ಎರಡು ನಿಯಮ. ಮಹಾಪ್ರಾಣಕ್ಕೆ ಅದೇ ಮಹಾಪ್ರಾಣ ಒತ್ತಾಗಿ ಬರುವುದಿಲ್ಲ. ಮೇಲೆ ಅಲ್ಪಪ್ರಾಣ, ಕೆಳಗೆ ಮಹಾಪ್ರಾಣ: ಬುದ್ಧಿ, ಶುದ್ಧ, ಯುದ್ಧ, ಪ್ರಸಿದ್ಧ, ಶ್ರದ್ಧೆ, ಸ್ವಚ್ಛ, ಇಚ್ಛೆ. ಎರಡನೆಯದು: ಅಚ್ಚಕನ್ನಡ ಪದಗಳಲ್ಲಿ ಮಹಾಪ್ರಾಣ ಅಪರೂಪ. ಹಾಗಾಗಿ ಎದ್ದ, ಬಿದ್ದ, ಉದ್ದ, ಮದ್ದು, ಗದ್ದೆಗಳಿಗೆ ದ್ದ. ಮಹಾಪ್ರಾಣ ಕಲಿತ ಹೊಸದರಲ್ಲಿ ಮಕ್ಕಳು "ಬಿದ್ಧ" ಎಂದು ಉತ್ಸಾಹದಿಂದ ಬರೆಯುವುದು ಸಾಮಾನ್ಯ. ಬೈಯಬೇಡಿ, ಕಲಿಕೆ ಒಂದು ಹೆಜ್ಜೆ ಮುಂದೆ ಹೋಗಿ ಎಡವಿದೆ ಅಷ್ಟೆ.

ಮೂಲೆಪೆಟ್ಟಿಗೆ
ಶ, ಷ, ಸ ಗಳಿಗೂ ಹೀಗೊಂದು ನಿಯಮ ಇದೆಯೇ?

ಅಕ್ಷರಗಣಿ
ಒತ್ತಕ್ಷರದಲ್ಲಿ ಬಂದಾಗ ಇದೆ. ಅಕ್ಕಪಕ್ಕದ ವರ್ಗ ನೋಡಿ. ಟ ವರ್ಗದ ಜೊತೆ ಷ: ಕಷ್ಟ, ನಷ್ಟ, ಶ್ರೇಷ್ಠ, ಕೃಷ್ಣ. ಅಷ್ಟು, ಇಷ್ಟು, ಎಷ್ಟು ಕೂಡ. ಚ ವರ್ಗದ ಜೊತೆ ಶ: ಆಶ್ಚರ್ಯ, ನಿಶ್ಚಯ, ಪಶ್ಚಿಮ. ತ ವರ್ಗದ ಜೊತೆ ಸ: ಪುಸ್ತಕ, ವಸ್ತು, ಸ್ಥಳ, ಸ್ನಾನ. ಬಾಯೊಳಗೆ ನಾಲಿಗೆ ನಿಲ್ಲುವ ಜಾಗ ಎರಡಕ್ಕೂ ಒಂದೇ, ಅದೇ ಕಾರಣ. ಪ್ರಶ್ನೆ ಎಂಬ ಪದ ಈ ಸಾಲಿಗೆ ಬರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ನೆನಪಿಡಬೇಕು. ಬಸ್‌ಸ್ಟ್ಯಾಂಡ್, ಪೋಸ್ಟ್‌ಗಳಂಥ ಇಂಗ್ಲಿಷ್ ಪದಗಳಿಗೂ ಇದು ಅನ್ವಯಿಸದು, ಅಲ್ಲಿ ಸ್ಟ.

ಒಂಟಿಯಾಗಿ ಬರುವ ಭಾಷೆ, ವಿಷಯ, ಆಕಾಶ, ದೇಶಗಳಿಗೆ ನಿಯಮ ಹುಡುಕಿ ಪ್ರಯೋಜನವಿಲ್ಲ, ನೋಡಿಯೇ ಕಲಿಯಬೇಕು. ವಿಶೇಷ, ಶೇಷ, ಶಿಷ್ಯ – ಈ ಮೂರರಲ್ಲೂ ಶ ಮೊದಲು, ಷ ಆಮೇಲೆ.

ಹ ಸೇರಿದ ಒತ್ತಕ್ಷರಗಳದ್ದು ಸುಲಭ. ಬಾಯಲ್ಲಿ "ಚಿನ್ಹೆ", "ಬ್ರಮ್ಹ" ಎಂದು ಬಂದರೂ ಬರಹದಲ್ಲಿ ಹ ಮೇಲೆ, ಜೊತೆಯದ್ದು ಕೆಳಗೆ: ಮಧ್ಯಾಹ್ನ, ಚಿಹ್ನೆ, ಬ್ರಹ್ಮ, ಪ್ರಹ್ಲಾದ, ಆಹ್ವಾನ.

ಬಿಡಿಸಿಬರೆ
ಇಷ್ಟೆಲ್ಲ ಕಷ್ಟ ಯಾಕೆ? ಹೇಗೂ ಯಾರೂ ಉಚ್ಚರಿಸದ ಅಕ್ಷರಗಳು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರ ಹೊಸ ಬರಹದಂತೆ ಮಹಾಪ್ರಾಣ, ಷ, ಋ ಬಿಟ್ಟೇ ಬರೆಸಬಹುದಲ್ಲ.

ಸೀಸಕಡ್ಡಿ
ವಾದ ಗಟ್ಟಿಯೇ ಇದೆ, ಇಲ್ಲಿ ತೀರ್ಮಾನವಾಗುವಂಥದ್ದಲ್ಲ. ಮಗು ಓದುವ ಪುಸ್ತಕಗಳಲ್ಲಿ 49 ಅಕ್ಷರಗಳೂ ಇವೆ, ಪರೀಕ್ಷೆಗೆ ಕೂತರೆ ತಿದ್ದುವವರೂ ಆ ಲೆಕ್ಕದಲ್ಲೇ ತಿದ್ದುತ್ತಾರೆ. ಎರಡೂ ರೂಪ ಬಳಕೆಯಲ್ಲಿರುವ ಕಡೆ ಮಾತ್ರ ಹಠ ಬೇಡ. ಕಥೆ, ಕತೆ ಎರಡೂ ಸರಿ. ಒಂದು ಬರಹದಲ್ಲಿ ಒಂದೇ ರೂಪ ಇರಲಿ ಎಂದರೆ ಸಾಕು.

ಕೊಂಬುಇಳಿ
ಸೂಯ್ರ ಬಗ್ಗೆ ಯಾರೂ ಬರೆದಿಲ್ಲ. ಅರ್ಕಾವತ್ತಿನ ತೊಂದರೆ ಏನೆಂದರೆ, ಕನ್ನಡದಲ್ಲಿ ಉಚ್ಚಾರಣೆಯ ಕ್ರಮಕ್ಕೂ ಬರೆಯುವ ಕ್ರಮಕ್ಕೂ ತಾಳ ತಪ್ಪುವ ದೊಡ್ಡ ಜಾಗ ಅದೊಂದೇ. ಮೊದಲು ಹೇಳುವ ರ್ ಅನ್ನು ಕೊನೆಯಲ್ಲಿ ಬರೆಯಬೇಕು. ಮಗುವಿಗೆ ಗೊತ್ತಿರುವುದು "ರ ಒತ್ತು ಕೆಳಗೆ" ಎಂದು, ಹಾಗಾಗಿ ಯ ಬರೆದು ಕೆಳಗೆ ರ ಒತ್ತು ಕೊಟ್ಟಿದೆ. ಇದನ್ನು ಬಿಡಿಸಲು ಎರಡನ್ನೂ ಅಕ್ಕಪಕ್ಕ ಇಡಿ: ಕ್ರಮ–ಕರ್ಮ, ಚಕ್ರ–ತರ್ಕ, ಪ್ರಸ–ಸರ್ಪ… ತಪ್ಪಾಯಿತು, ಪ್ರಸ ಎಂಬ ಪದವಿಲ್ಲ, ಪ್ರಥಮ–ಸರ್ಪ ಎಂದಿಟ್ಟುಕೊಳ್ಳಿ. "ರ ಮೊದಲು ಕೇಳಿಸಿದರೆ ಪಕ್ಕಕ್ಕೆ, ಆಮೇಲೆ ಕೇಳಿಸಿದರೆ ಕೆಳಕ್ಕೆ" – ಇಷ್ಟೇ ಸೂತ್ರ. ರ ಬರೆದು ಯ ಒತ್ತು ಕೊಟ್ಟು ಬರೆಯುವ ರೂಪವೂ ಚಲಾವಣೆಯಲ್ಲಿದೆ. ತಾತ್ಕಾಲಿಕವಾಗಿ ಅದನ್ನು ಒಪ್ಪಿಕೊಳ್ಳಬಹುದು.

ಒಂದು ಸ್ವಾರಸ್ಯ: ಯೂನಿಕೋಡ್‌ನಲ್ಲಿ ಟೈಪಿಸುವಾಗ ಕ್ರಮ ಉಚ್ಚಾರಣೆಯಂತೆಯೇ ಇದೆ, ರ, ಅರ್ಧಾಕ್ಷರದ ಚಿಹ್ನೆ, ಯ. ಅದಕ್ಕೇ ಟೈಪಿಸುವಾಗ ಸೂರ್ಯ ಸರಿ ಬರೆಯುವ ಮಗು ಕೈಯಲ್ಲಿ ತಪ್ಪುತ್ತದೆ. ಟೈಪಿಂಗನ್ನು ಉಕ್ತಲೇಖನಕ್ಕೆ ಬಳಸುವವರು ಪದ ಸೂಚಿಸುವ ಸೌಲಭ್ಯವನ್ನು ಆರಿಸಿಡಿ, ಇಲ್ಲವಾದರೆ ಬರೆಯುವುದು ಫೋನು, ಮಗು ಅಲ್ಲ.

ಕಾಗದದ ವಿಷಯ: ಸಾಲು ಬಿಟ್ಟು ಸಾಲು ಬರೆಸಿ. ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏಳುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಜಾಗ ಸಾಲದೆ ಒತ್ತು ಬಿಡುವ ಮಕ್ಕಳಿದ್ದಾರೆ. ಧ ದ ಕೆಳಗಿನ ಸೀಳು ಒತ್ತಿನಲ್ಲಿ ತೀರ ಪುಟ್ಟದಾಗುತ್ತದೆ, ಮೊಂಡು ಪೆನ್ಸಿಲಿನಲ್ಲಿ ದ್ಧ ಬರೆದರೂ ದ್ದ ದಂತೆ ಕಾಣುತ್ತದೆ. ತಪ್ಪು ಎನ್ನುವ ಮೊದಲು "ಇದೇನು ಬರೆದೆ?" ಎಂದು ಕೇಳಿ. ತ, ನ, ಮ, ಯ, ರ, ಲ – ಈ ಆರಕ್ಕೆ ಒತ್ತಿನ ರೂಪ ಮೂಲ ಅಕ್ಷರದಂತಿಲ್ಲ, ಅವನ್ನು ಬೇರೆಯಾಗಿ ಬರೆಸಿ ರೂಢಿಸಬೇಕು.

ವಟ್ರಸುಳಿ
ಹತ್ತು ಸಲ ಬರೆಸುವುದರ ಬಗ್ಗೆ. ದಯವಿಟ್ಟು ನಿಲ್ಲಿಸಿ. ಮಗು ಬರೆಯುವುದನ್ನು ಹತ್ತಿರದಿಂದ ನೋಡಿ: ಮೊದಲು ಹತ್ತು ಸಾಲಿಗೂ "ಹ" ಇಳಿಸುತ್ತದೆ, ಆಮೇಲೆ ಪಕ್ಕದಲ್ಲಿ ಹತ್ತು "ಳ", ಕೊನೆಗೆ ಹತ್ತು ಒತ್ತು. ಪದವನ್ನು ಒಮ್ಮೆಯೂ ಬರೆದಿರುವುದಿಲ್ಲ. ನಡುವೆ ಒಂದು ತಪ್ಪಿದರೆ ಕೆಳಗಿನದ್ದೆಲ್ಲ ಅದನ್ನೇ ನೋಡಿ ಬರೆದ ನಕಲು.

ಬದಲಿಗೆ: ಸರಿ ರೂಪ ನೋಡಲಿ, ಬಾಯಲ್ಲಿ ಹೇಳಲಿ, ಮುಚ್ಚಲಿ, ಬರೆಯಲಿ, ತೆರೆದು ಹೋಲಿಸಲಿ. ಮೂರು ಸಲ, ಪ್ರತಿ ಸಲವೂ ಹಿಂದಿನದ್ದು ಮುಚ್ಚಿರಬೇಕು. ಮೂರನೆಯದು ಬಿಡಿ ಪದವಾಗಿರದೆ ಒಂದು ವಾಕ್ಯದೊಳಗೆ ಇರಲಿ. ಆಮೇಲೆ ಮರುದಿನ, ಮೂರನೆಯ ದಿನ, ವಾರದ ಮೇಲೆ, ಮೂರು ವಾರದ ಮೇಲೆ ಅದೇ ಪದ ಬೇರೆ ವಾಕ್ಯದಲ್ಲಿ ಬರುವಂತೆ ಮಾಡಿ. ನಾಲ್ಕು ಸಲವೂ ಸರಿಯಾದರೆ ಪಟ್ಟಿಯಿಂದ ಹೊಡೆದುಹಾಕಿ.

ಇದಕ್ಕೆ ತಪ್ಪಿನ ಪುಸ್ತಕ ಒಂದಿರಲಿ, ಆದರೆ ಅದರಲ್ಲಿ ತಪ್ಪು ರೂಪ ಬರೆಯಬೇಡಿ. ಸರಿ ರೂಪ, ತಪ್ಪಿದ ಬಗೆ (ಒ – ಒತ್ತು, ದೀ – ದೀರ್ಘ, ಮ – ಮಹಾಪ್ರಾಣ), ತಾರೀಖು. ಎರಡು ವಾರಕ್ಕೊಮ್ಮೆ ಯಾವ ಗುರುತು ಹೆಚ್ಚಿದೆ ಎಂದು ಎಣಿಸಿದರೆ ಮುಂದಿನ ಪಠ್ಯ ಯಾವುದಿರಬೇಕೆಂದು ಅದೇ ಹೇಳುತ್ತದೆ.

ಜೋಡಿಚಿಲಕ
ಇಬ್ಬರು ಮಕ್ಕಳು, ಆರು ಮತ್ತು ಹತ್ತು ವರ್ಷ. ಒಟ್ಟಿಗೆ ಕೂರಿಸಬಹುದೇ?

ಗುರುಲಘು
ಒಂದೇ ಪಠ್ಯ ಸಾಕು. ದೊಡ್ಡದು ಪೂರ್ತಿ ಬರೆಯಲಿ. ಚಿಕ್ಕದಕ್ಕೆ ಅದೇ ಪಠ್ಯವನ್ನು ದೊಡ್ಡಕ್ಷರದಲ್ಲಿ ಬರೆದು ಐದಾರು ಪದಗಳ ಜಾಗ ಖಾಲಿ ಬಿಟ್ಟುಕೊಡಿ, ಆ ಪದ ಬಂದಾಗ ತುಂಬಲಿ. ಕಾಗುಣಿತ ಇನ್ನೂ ಗಟ್ಟಿಯಾಗದ ಮಗುವಿಗೆ ಪದಕ್ಕೂ ಬದಲು ಖಾಲಿ ಅಕ್ಷರ: "ಹ__ದಲ್ಲಿ". ದೊಡ್ಡ ಮಗು ಓದಿ ಹೇಳುವುದೂ ಒಳ್ಳೆಯ ಅಭ್ಯಾಸ, ಹೇಳಲು ಸರಿಯಾಗಿ ಓದಲೇಬೇಕಲ್ಲ. ಧ್ವನಿಮುದ್ರಿಸಿ ಕೊಡುವುದಾದರೆ ಫೋನನ್ನು ಬಾಯಿಗೆ ನೇರ ಹಿಡಿಯದೆ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕಿಡಿ. ನೇರ ಹಿಡಿದರೆ ಪ, ಫ, ಭ ಗಳ ಉಸಿರು ಬಡಿದು ಎಲ್ಲವೂ ಒಂದೇ ಥರ ಡಬ್ ಎನ್ನುತ್ತದೆ. ತುಂಡಿನ ನಡುವಿನ ಬಿಡುವನ್ನು ಅಂದಾಜಿನಲ್ಲಿ ಬಿಡಬೇಡಿ, ನೀವೇ ಆ ತುಂಡನ್ನು ನಿಧಾನವಾಗಿ ಬರೆದು ನೋಡಿ ಅದರ ಎರಡರಷ್ಟು ಬಿಡಿ.

ಕೊಂಬುಇಳಿ
ಒಂದು ಎಚ್ಚರಿಕೆ. ಇಲ್ಲಿ ಹೇಳಿದ್ದೆಲ್ಲ ತಪ್ಪಿಗೊಂದು ನಮೂನೆ ಇರುವ ಮಕ್ಕಳಿಗೆ. ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆದರೆ, ನೋಡಿ ಬರೆಯುವಾಗಲೂ ಅಕ್ಷರ ಬಿಟ್ಟರೆ, ಓದೂ ಮುಗ್ಗರಿಸುತ್ತಿದ್ದರೆ ಉಕ್ತಲೇಖನ ಹೆಚ್ಚಿಸಿ ಫಲವಿಲ್ಲ. ಮೊದಲು ಕಿವಿ, ಕಣ್ಣಿನ ತಪಾಸಣೆ, ಆಮೇಲೆ ಕಲಿಕೆಯ ತೊಂದರೆ ನೋಡುವ ತಜ್ಞರು.

ಹೊಸಹಾಳೆ
ಎಲ್ಲರಿಗೂ ಧನ್ಯವಾದ. ಹಾಗಾದರೆ ಮುಂದಿನ ವಾರ ಒತ್ತು ಒಂದೇ ಹಿಡಿಯುತ್ತೇನೆ. ಒಂದು ಪಠ್ಯ ಕಟ್ಟಿಕೊಡುವಿರಾ?

ಸೀಸಕಡ್ಡಿ
ಇದನ್ನು ನೋಡಿ:

"ಬೆಳ್ಳಕ್ಕಿಗಳು ಗದ್ದೆಯಲ್ಲಿ ಹೆಜ್ಜೆ ಇಟ್ಟು ಹುಳುಗಳನ್ನು ಹೆಕ್ಕುತ್ತಿದ್ದವು. ಅಕ್ಕ ಹುಲ್ಲಿನ ಮೇಲೆ ಕುಳಿತು ಹಕ್ಕಿಗಳನ್ನು ಎಣಿಸಿದಳು. ಒಟ್ಟು ಹತ್ತು ಇದ್ದವು."

15 ಪದ, 17 ಒತ್ತು, ಎಲ್ಲವೂ ಸಜಾತೀಯ (ಅಕ್ಷರಕ್ಕೆ ಅದೇ ಅಕ್ಷರದ ಒತ್ತು). ಮಹಾಪ್ರಾಣವಿಲ್ಲ, ಅರ್ಕಾವತ್ತಿಲ್ಲ, ಶ–ಷ ಇಲ್ಲ. ತಪ್ಪಿದರೆ ಒತ್ತೇ ತಪ್ಪಬೇಕು, ಬೇರೆ ನೆಪವಿಲ್ಲ. ಮೊದಲ ದಿನ ಕೇಳಿ ತಟ್ಟುವುದು ಮಾತ್ರ, ಬರೆಯುವುದು ಬೇಡ. ಎರಡನೆಯ ದಿನ ಮೊದಲ ವಾಕ್ಯ. ಮೂರನೆಯ ದಿನ ಪೂರ್ತಿ. ಬರೆಯುವ ಮೊದಲು "ಇದರಲ್ಲಿ 17 ಒತ್ತುಗಳಿವೆ" ಎಂದು ಹೇಳಿಬಿಡಿ. ಮುಗಿಸಿದ ಮೇಲೆ ಮಗು ತನ್ನದನ್ನು ತಾನೇ ಎಣಿಸಲಿ. 14 ಬಂದರೆ ಉಳಿದ ಮೂರು ಎಲ್ಲಿ ಎಂದು ಹುಡುಕುವುದು ಅದರದ್ದೇ ಕೆಲಸ.

ಮೂಲೆಪೆಟ್ಟಿಗೆ
"ಹೆಕ್ಕು" ಎಲ್ಲ ಕಡೆಯ ಮಕ್ಕಳಿಗೂ ಗೊತ್ತಿರಲಾರದು. ಗೊತ್ತಿಲ್ಲದ ಪದವಾದರೆ ಒತ್ತಿನ ಪರೀಕ್ಷೆ ಹೋಗಿ ಪದದ ಪರೀಕ್ಷೆಯಾಗುತ್ತದೆ.

ಸೀಸಕಡ್ಡಿ
ಹೌದು, ಸರಿ. "ಹುಡುಕುತ್ತಿದ್ದವು" ಎಂದು ಹಾಕಿಕೊಳ್ಳಿ. ಆಗ ಒತ್ತು 16, ಮಗುವಿಗೆ ಹೇಳುವ ಲೆಕ್ಕವನ್ನೂ ತಿದ್ದಿಕೊಳ್ಳಿ.